ಕೇಪು ಸಿಡಿಯದಿದ್ದರೆ ದೋಷ ಎಲ್ಲಿದೆ?

1841ರ ಮೇ 30. ಚೀನಾದ ಕ್ಯಾಂಟನ್ (ಇಂದಿನ ಗ್ವಾಂಗ್‌ಜೌ) ನಗರದ ಹೊರವಲಯದ ಗದ್ದೆಗಳಲ್ಲಿ ಗುಡುಗು ಸಹಿತ ಧಾರಾಕಾರ ಮಳೆ. ಮೊದಲ ಅಫೀಮು ಯುದ್ಧದಲ್ಲಿ ಬ್ರಿಟಿಷರ ಪರವಾಗಿ ಕಾದಾಡಲು ಹಡಗೇರಿ ಹೋಗಿದ್ದ 37ನೇ ಮದ್ರಾಸ್ ನೇಟಿವ್ ಇನ್‌ಫೆಂಟ್ರಿಯ ಒಂದು ತುಕಡಿ ದಾರಿ ತಪ್ಪಿ, ರೊಚ್ಚಿಗೆದ್ದ ಗ್ರಾಮಸ್ಥರ ದೊಡ್ಡ ಗುಂಪಿನ ನಡುವೆ ಸಿಕ್ಕಿಕೊಂಡಿತು. ಸಿಪಾಯಿಗಳ ಕೈಯಲ್ಲಿದ್ದುದು ಚಕಮಕಿ ಕಲ್ಲಿನ ಕೋವಿ. ಮಳೆಗೆ ಮದ್ದು ನೆನೆದಿತ್ತು, ಕಲ್ಲು ಕಿಡಿ ಕಾರಲಿಲ್ಲ. ಬಯೊನೆಟ್ ಒಂದೇ ಅವರಿಗೆ ಆಸರೆಯಾಯಿತು. ಕೊನೆಗೆ ಅವರನ್ನು ಬಿಡಿಸಿ ತಂದದ್ದು ನೌಕಾಪಡೆಯ ಮರೀನ್ ಸೈನಿಕರ ಎರಡು ತುಕಡಿಗಳು. ಅವರ ಬಳಿ ಇದ್ದುದೂ ಅದೇ ಕರಿಮದ್ದಿನ ಕೋವಿಗಳೇ. ಆದರೆ ಅವಕ್ಕೆ ಬೆಂಕಿ ಕೊಡುತ್ತಿದ್ದುದು ಚಕಮಕಿ ಕಲ್ಲಲ್ಲ, ಬೆರಳ ತುದಿಯಷ್ಟು ದೊಡ್ಡದೂ ಅಲ್ಲದ ಒಂದು ತಾಮ್ರದ ಟೊಪ್ಪಿ. ಅದೇ ಕೇಪು.

ಮಳೆಯಲ್ಲೂ ಕೈಬಿಡದು ಎಂಬ ಹೆಸರು ಪಡೆದ ಈ ಕೇಪು ಇಂದಿಗೂ ಬಳಕೆಯಲ್ಲಿದೆ. ಅಮೆರಿಕ ಮತ್ತು ಯುರೋಪಿನಲ್ಲಿ ಹತ್ತೊಂಬತ್ತನೆಯ ಶತಮಾನದ ಕರಿಮದ್ದಿನ ರಿವಾಲ್ವರ್‌ಗಳ ಪ್ರತಿಕೃತಿಗಳನ್ನಿಟ್ಟುಕೊಂಡು ಗುರಿ ಅಭ್ಯಾಸ ಮಾಡುವ ಹವ್ಯಾಸಿಗಳು ಬಹಳ ಮಂದಿ ಇದ್ದಾರೆ. ಅವರೆಲ್ಲರ ಸಾಮಾನ್ಯ ದೂರು ಒಂದೇ: ಟ್ರಿಗರ್ ಎಳೆದಾಗ ‘ಟಕ್’ ಎಂಬ ಸದ್ದು ಮಾತ್ರ ಬರುತ್ತದೆ, ಈಡು ಹಾರುವುದಿಲ್ಲ. ಇಂಗ್ಲಿಷಿನಲ್ಲಿ ಇದನ್ನೇ ಮಿಸ್‌ಫೈರ್ ಎನ್ನುತ್ತಾರೆ. ಒಡನೆಯೇ ಬೈಗುಳಕ್ಕೆ ಗುರಿಯಾಗುವುದು ಕೇಪು. ವಾಸ್ತವದಲ್ಲಿ ಕೇಪು ತಪ್ಪಿತಸ್ಥನಾಗಿರುವುದು ಅಪರೂಪ. ದೋಷ ಸಾಮಾನ್ಯವಾಗಿ ಕೇಪಿನ ಒಳಗಿರದೆ, ಕೇಪಿಗೂ ಅದು ಕೂರುವ ಜಾಗಕ್ಕೂ ನಡುವೆ ಉಳಿದ ಕೂದಲೆಳೆಯಷ್ಟು ಅಂತರದಲ್ಲಿರುತ್ತದೆ.

ಪಾದ್ರಿಯ ಆವಿಷ್ಕಾರ

ಕೇಪಿನ ಮೂಲ ಕಲ್ಪನೆ ಯೋಧನದ್ದಲ್ಲ, ಪಾದ್ರಿಯದ್ದು. ಸ್ಕಾಟ್ಲೆಂಡಿನ ಬೆಲ್‌ಹೆಲ್ವಿ ಎಂಬ ಊರಿನ ಪಾದ್ರಿ ಅಲೆಕ್ಸಾಂಡರ್ ಜಾನ್ ಫೋರ್ಸಿತ್ ಹಕ್ಕಿ ಬೇಟೆಯ ಗೀಳಿನವರು. ಚಕಮಕಿ ಕೋವಿಯಲ್ಲಿ ಮೊದಲು ಹೊರಗಿನ ಬಟ್ಟಲಿನ ಮದ್ದು ಭಗ್ಗೆಂದು ಹೊತ್ತಿ, ಆ ಬಳಿಕ ಒಳಗಿನ ಮದ್ದಿಗೆ ಬೆಂಕಿ ತಗುಲುತ್ತದೆ. ಆ ಬೆಳಕು ಕಂಡೊಡನೆ ಹಕ್ಕಿಗಳು ಎದ್ದು ಹಾರುತ್ತಿದ್ದವು. ಕಿಡಿಯ ಬದಲು ಏಟಿಗೆ ಸಿಡಿಯುವ ರಾಸಾಯನಿಕವನ್ನು ಬಳಸಿದರೆ ಈ ತೊಡಕು ನೀಗುವುದೆಂದು ಯೋಚಿಸಿದ ಫೋರ್ಸಿತ್ 1807ರಲ್ಲಿ ಪೇಟೆಂಟ್ ಪಡೆದರು. ಆ ರಾಸಾಯನಿಕವನ್ನು ತಾಮ್ರದ ಪುಟ್ಟ ಟೊಪ್ಪಿಯೊಳಗೆ ಅಂಟಿಸುವ ವಿಧಾನ ಅನಂತರದ ವರ್ಷಗಳಲ್ಲಿ ಬಂತು. ಅದನ್ನು ಮೊದಲು ಮಾಡಿದವರು ಯಾರೆಂಬ ಬಗ್ಗೆ ಹಲವರ ಹಕ್ಕುಸಾಧನೆಗಳಿವೆ. ಇಂಗ್ಲೆಂಡಿನಿಂದ ಅಮೆರಿಕಕ್ಕೆ ವಲಸೆ ಹೋದ ಚಿತ್ರಕಾರ ಜೋಶುವಾ ಶಾ 1822ರಲ್ಲಿ ಅಲ್ಲಿನ ಪೇಟೆಂಟ್ ಪಡೆದವರು.

ಸೇನೆಗಳು ಹೊಸದನ್ನು ಸುಲಭವಾಗಿ ಒಪ್ಪುವುದಿಲ್ಲ. ಹೀಗಾಗಿ 1834ರಲ್ಲಿ ಇಂಗ್ಲೆಂಡಿನ ವುಲ್‌ವಿಚ್‌ನಲ್ಲಿ ಪರೀಕ್ಷೆಯೊಂದು ನಡೆಯಿತು. ಆರು ಚಕಮಕಿ ಕೋವಿಗಳಿಂದ 6,000 ಈಡು, ಆರು ಕೇಪಿನ ಕೋವಿಗಳಿಂದ ಅಷ್ಟೇ ಈಡು. ಬಿಸಿಲು, ಮಳೆ ಎನ್ನದೆ ಎಲ್ಲ ಹವೆಯಲ್ಲೂ ಹಾರಿಸಿ ನೋಡಿದರು. ಕೇಪಿನ ಕೋವಿ ಒಮ್ಮೆ ಕೈಕೊಟ್ಟರೆ ಚಕಮಕಿ ಕೋವಿ ಹೆಚ್ಚುಕಡಿಮೆ 26 ಬಾರಿ ಕೈಕೊಟ್ಟಿತು. ಆ ನಂತರವೇ ಬ್ರಿಟಿಷ್ ಸೇನೆ ತನ್ನ ಕೋವಿಗಳನ್ನು ಬದಲಿಸಲು ಮುಂದಾಯಿತು. ಮದ್ರಾಸಿನ ಸಿಪಾಯಿಗಳಿಗೆ ಆ ಬದಲಾವಣೆ ತಲುಪುವ ಮುನ್ನವೇ ಕ್ಯಾಂಟನ್ನಿನ ಮಳೆ ಬಂದಿತ್ತು.

ಆರು ಗೂಡು, ಆರು ಕೇಪು

ಸ್ಯಾಮ್ಯುಯೆಲ್ ಕೋಲ್ಟ್ 1836ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ರಿವಾಲ್ವರ್ ಸಾಧ್ಯವಾದದ್ದು ಕೇಪಿನಿಂದಲೇ. ತಿರುಗುವ ಸಿಲಿಂಡರಿನಲ್ಲಿ ಹಲವು ಗೂಡುಗಳಿರುತ್ತವೆ. ಪ್ರತಿ ಗೂಡಿಗೂ ಮುಂದಿನಿಂದ ಕರಿಮದ್ದು ಸುರಿದು, ಅದರ ಮೇಲೆ ಸೀಸದ ಗುಂಡನ್ನು ಒತ್ತಿ ಕೂರಿಸಬೇಕು. ಗೂಡಿನ ಹಿಂಬದಿಯಲ್ಲಿ ಶಂಕುವಿನಾಕಾರದ ಪುಟ್ಟ ಉಕ್ಕಿನ ಕೊಳವೆಯೊಂದಿರುತ್ತದೆ. ಅದೇ ನಿಪ್ಪಲ್. ಅದರ ನಡುವೆ ಸೂಜಿ ತೂರುವಷ್ಟು ಸಣ್ಣ ರಂಧ್ರ. ನಿಪ್ಪಲಿನ ಮೇಲೆ ಕೇಪನ್ನು ತೊಡಿಸಲಾಗುತ್ತದೆ.

ಟ್ರಿಗರ್ ಎಳೆದಾಗ ಹ್ಯಾಮರ್ ಬಂದು ಕೇಪಿಗೆ ಬಡಿಯುತ್ತದೆ. ಕೇಪಿನ ಒಳಮೈಗೆ ಅಂಟಿರುವ ರಾಸಾಯನಿಕವು ಹ್ಯಾಮರ್ ಮತ್ತು ನಿಪ್ಪಲಿನ ಅಂಚಿನ ನಡುವೆ ಜಜ್ಜಿಹೋಗಿ ಸಿಡಿಯುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಮುಖ್ಯವಾಗಿ ಪಾದರಸದ ಫಲ್ಮಿನೇಟ್ ಆಗಿತ್ತು. ಸಿಡಿದ ಜ್ವಾಲೆ ನಿಪ್ಪಲಿನ ರಂಧ್ರದ ಮೂಲಕ ಗೂಡಿಗೆ ನುಗ್ಗಿ ಮದ್ದನ್ನು ಹೊತ್ತಿಸುತ್ತದೆ. ಏಟು, ಸಿಡಿತ, ಜ್ವಾಲೆಯ ದಾರಿ, ಮದ್ದು ಎಂಬ ನಾಲ್ಕು ಕೊಂಡಿಗಳ ಸರಪಳಿ ಇದು. ಯಾವ ಕೊಂಡಿ ಕಳಚಿದರೂ ಈಡು ಹಾರದು.

ಕೋಲ್ಟ್ ಕಂಪನಿಯ 1851ರ ನೇವಿ ಮತ್ತು 1860ರ ಆರ್ಮಿ ಮಾದರಿಗಳು, ಅವುಗಳ ಪ್ರತಿಸ್ಪರ್ಧಿಯಾದ ರೆಮಿಂಗ್ಟನ್ ಕಂಪನಿಯ ಆರ್ಮಿ ಮಾದರಿ ಅಮೆರಿಕದ ಅಂತರ್ಯುದ್ಧದಲ್ಲಿ (1861-65) ಪ್ರಸಿದ್ಧವಾದವು. ಕೇಪು, ಮದ್ದು, ಗುಂಡು ಮೂರನ್ನೂ ಒಂದೇ ಹಿತ್ತಾಳೆಯ ಚಿಪ್ಪಿನೊಳಗೆ ಅಡಕಗೊಳಿಸಿದ ತೋಟಾಗಳು ಬಂದ ಮೇಲೆ ಇವು ಮೂಲೆಗುಂಪಾದವು. 1873ರ ಕೋಲ್ಟ್ ರಿವಾಲ್ವರ್ ತೋಟಾದ್ದೇ. ಆದರೆ ಅಂತರ್ಯುದ್ಧದ ಶತಮಾನೋತ್ಸವ ಸಮೀಪಿಸುತ್ತಿದ್ದಂತೆ, 1950ರ ದಶಕದ ಕೊನೆಯಲ್ಲಿ, ಇಟಲಿಯ ಬ್ರೆಷಾ ಪ್ರಾಂತ್ಯದ ಕಾರ್ಖಾನೆಗಳಲ್ಲಿ ಹಳೆಯ ಮಾದರಿಗಳ ಪ್ರತಿಕೃತಿಗಳ ತಯಾರಿಕೆ ಆರಂಭವಾಯಿತು. ಊಬೆರ್ತಿ, ಪಿಯೆತ್ತಾ ಮುಂತಾದ ಅಲ್ಲಿನ ಕಂಪನಿಗಳ ಪ್ರತಿಕೃತಿಗಳೇ ಇಂದು ಹವ್ಯಾಸಿಗಳ ಕೈಯಲ್ಲಿ ಹೆಚ್ಚಾಗಿ ಕಾಣುತ್ತವೆ. ಅಮೆರಿಕದ 1968ರ ಬಂದೂಕು ನಿಯಂತ್ರಣ ಕಾಯ್ದೆ ಇಂಥವನ್ನು ಪ್ರಾಚೀನ ಆಯುಧಗಳೆಂದು ಪರಿಗಣಿಸಿ ಸಡಿಲಿಕೆ ನೀಡಿರುವುದೂ ಈ ಹವ್ಯಾಸ ಬೆಳೆಯಲು ಒಂದು ಕಾರಣ.

ಎರಡು ಪ್ರಶ್ನೆಗಳು

ವೈದ್ಯರು ರೋಗಿಯನ್ನು ಮೊದಲು ಪ್ರಶ್ನಿಸಿ ಆಮೇಲೆ ಮದ್ದು ಕೊಡುವಂತೆ, ಇಲ್ಲಿಯೂ ರಿಪೇರಿಗೆ ಕೈ ಹಚ್ಚುವ ಮುನ್ನ ಎರಡು ಪ್ರಶ್ನೆ ಕೇಳಿಕೊಳ್ಳಬೇಕಾಗುತ್ತದೆ. ಒಂದು: ಕೇಪು ಸಿಡಿಯಿತೇ, ಇಲ್ಲವೇ? ಎರಡು: ಸಿಡಿಯದಿದ್ದರೆ, ಅದೇ ಕೇಪು ಎರಡನೆಯ ಏಟಿಗೆ ಸಿಡಿಯಿತೇ? ಈ ಎರಡು ಉತ್ತರಗಳೇ ದೋಷವಿರುವ ಕೊಂಡಿಯನ್ನು ಬಹುಮಟ್ಟಿಗೆ ತೋರಿಸಿಕೊಡುತ್ತವೆ. ಹಾಗೆ ಕೇಳಿಕೊಳ್ಳದೆ ಸ್ಪ್ರಿಂಗ್ ಬದಲಿಸುವುದು, ನಿಪ್ಪಲ್ ಬದಲಿಸುವುದು, ಬೇರೆ ಕಂಪನಿಯ ಕೇಪು ತರುವುದು ಎಲ್ಲವನ್ನೂ ಒಟ್ಟಿಗೇ ಮಾಡಿದರೆ, ಗುಣ ಕಂಡರೂ ಯಾವುದರಿಂದ ಕಂಡಿತೆಂಬುದು ತಿಳಿಯದು.

ಎರಡನೆಯ ಏಟಿಗೆ ಹಾರಿದರೆ

ಎಲ್ಲಕ್ಕಿಂತ ಹೆಚ್ಚಾಗಿ ಕಂಡುಬರುವುದು ಈ ಬಗೆ. ಕೇಪು ನಿಪ್ಪಲಿನ ಮೇಲೆ ಪೂರ್ತಿ ಕೂತಿರುವುದಿಲ್ಲ. ಅದರ ಮುಚ್ಚಳಕ್ಕೂ ನಿಪ್ಪಲಿನ ತುದಿಗೂ ನಡುವೆ ಕಣ್ಣಿಗೆ ಕಾಣದಷ್ಟು ಸಂದು ಉಳಿದಿರುತ್ತದೆ. ಹ್ಯಾಮರಿನ ಮೊದಲ ಏಟಿನ ಶಕ್ತಿಯೆಲ್ಲ ಕೇಪನ್ನು ಕೆಳಕ್ಕೆ ತಳ್ಳುವುದರಲ್ಲೇ ವ್ಯಯವಾಗುತ್ತದೆ, ಜಜ್ಜಲು ಏನೂ ಉಳಿಯುವುದಿಲ್ಲ. ಈಗ ಪೂರ್ತಿ ಕೂತ ಕೇಪು ಎರಡನೆಯ ಏಟಿಗೆ ಸಲೀಸಾಗಿ ಸಿಡಿಯುತ್ತದೆ. ಅಂದರೆ ಕೇಪಿನ ರಾಸಾಯನಿಕ, ಸ್ಪ್ರಿಂಗು ಎರಡೂ ಸರಿಯಾಗಿವೆ. ಕೇಪು ತೊಡಿಸಿದ್ದು ಮಾತ್ರ ಸರಿಯಿಲ್ಲ.

ಇದಕ್ಕೆ ಮೊದಲ ಪರಿಹಾರ ಅತಿ ಸರಳ. ಕೇಪು ತೊಡಿಸಿದ ಮೇಲೆ ಪ್ರತಿಯೊಂದನ್ನೂ ಮೊಂಡು ತುದಿಯ ಮರದ ಕಡ್ಡಿಯಿಂದ ಒತ್ತಿ ಕೂರಿಸುವುದು. ಕೆಲವರು ಹ್ಯಾಮರನ್ನೇ ಕೇಪಿನ ಮೇಲೆ ಇಳಿಸಿ ಹೆಬ್ಬೆರಳಿನಿಂದ ಒತ್ತುತ್ತಾರೆ. ಮದ್ದು ತುಂಬಿದ ಗೂಡಿನ ಮೇಲೆ ಇದು ಅಪಾಯಕಾರಿ ಅಭ್ಯಾಸ. ಒತ್ತುವಾಗ ನಳಿಗೆಯ ಬಾಯಿ ಸುರಕ್ಷಿತ ದಿಕ್ಕಿನಲ್ಲೇ ಇರಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಒತ್ತಿದರೂ ಕೂರದಿದ್ದರೆ ಅಳತೆ ನೋಡಬೇಕು. ಕೇಪುಗಳಿಗೆ 10, 11 ಎಂಬ ಸಂಖ್ಯೆಗಳಿವೆ. ಒಂದು ಕಂಪನಿಯ 10ನೇ ಸಂಖ್ಯೆಯ ಕೇಪು ಮತ್ತೊಂದು ಕಂಪನಿಯ 10ಕ್ಕೆ ಸಮನಾಗಿರಬೇಕೆಂದೇನೂ ಇಲ್ಲ. ಒಳವ್ಯಾಸ ಒಂದೇ ಇದ್ದರೂ ಒಂದರ ಅಂಚು ಗಿಡ್ಡ, ಇನ್ನೊಂದರದು ಉದ್ದ ಇರಬಹುದು. ಬಿಗಿಯಾದರೆ ಕೇಪು ಪೂರ್ತಿ ಇಳಿಯದು, ಸಡಿಲವಾದರೆ ಉದುರಿಹೋಗುತ್ತದೆ. ಸಡಿಲ ಕೇಪನ್ನು ಬೆರಳಿನಲ್ಲಿ ಚಿವುಟಿ ಅಂಡಾಕಾರ ಮಾಡಿ ತೊಡಿಸುವುದು ಹಳೆಯ ರೂಢಿ. ಅದು ತಾತ್ಕಾಲಿಕ ಉಪಾಯವೇ ಹೊರತು ಪರಿಹಾರವಲ್ಲ. ಒಂದು ಈಡಿನ ಅದುರಿಗೆ ಪಕ್ಕದ ಕೇಪು ಬಿದ್ದುಹೋದರೆ ಆ ಗೂಡಿನ ಹಿಂಬಾಗಿಲು ಕಿಡಿಗೆ ತೆರೆದಿಟ್ಟಂತೆ. ಪಕ್ಕದ ಗೂಡೂ ಜತೆಗೇ ಹೊತ್ತಿಕೊಳ್ಳುವ ಸರಣಿ ಸ್ಫೋಟದ ಭಯ ಇಲ್ಲಿದೆ.

ನಿಪ್ಪಲಿನ ತುದಿಯನ್ನೂ ಪರೀಕ್ಷಿಸಬೇಕು. ಕೇಪಿಲ್ಲದೆ ಖಾಲಿ ಹ್ಯಾಮರ್ ಬಡಿಯುತ್ತಿದ್ದರೆ ತುದಿ ಅಣಬೆಯ ಕೊಡೆಯಂತೆ ಅಗಲವಾಗುತ್ತದೆ. ಆಗ ಸರಿಯಾದ ಅಳತೆಯ ಕೇಪೂ ಅರ್ಧಕ್ಕೇ ನಿಲ್ಲುತ್ತದೆ. ಅಲ್ಪ ಊನವಾದರೆ ನಿಪ್ಪಲನ್ನು ಬಿಚ್ಚಿ, ತಿರುಗಿಸುತ್ತಾ ನುಣುಪು ಉಜ್ಜುಕಾಗದದಿಂದ ತೀಡಬಹುದು. ಒಮ್ಮೆ ತೀಡಿದರೆ ಮತ್ತೆ ಸೇರಿಸಲಾಗದು. ಆದ್ದರಿಂದ ಸ್ವಲ್ಪ ಸ್ವಲ್ಪವೇ ತೀಡಿ, ಪ್ರತಿ ಬಾರಿಯೂ ಕೇಪು ಹಾಕಿ ನೋಡುವುದು ಜಾಣತನ. ಹೆಚ್ಚು ಹಾಳಾಗಿದ್ದರೆ ಹೊಸ ನಿಪ್ಪಲ್ ಹಾಕುವುದೇ ಲೇಸು. ಅವುಗಳ ತಿರುಪಿನ ಅಳತೆ ತಯಾರಕರಿಂದ ತಯಾರಕರಿಗೆ ಬೇರೆಯಾಗುವುದರಿಂದ ಮಾದರಿ ನೋಡಿಯೇ ಕೊಳ್ಳಬೇಕಾಗುತ್ತದೆ.

ಕೇಪು ಸಿಡಿದರೂ ಮದ್ದು ಹೊತ್ತದಿದ್ದರೆ

ಕೇಪಿನ ಸದ್ದು ಕೇಳಿಸಿತು, ಈಡು ಮಾತ್ರ ಹಾರಲಿಲ್ಲ ಎಂದರೆ ದೋಷ ಮೂರನೆಯ ಅಥವಾ ನಾಲ್ಕನೆಯ ಕೊಂಡಿಯಲ್ಲಿದೆ. ಸಾಮಾನ್ಯ ಅಪರಾಧಿ ಎಣ್ಣೆ. ತುಕ್ಕು ಹಿಡಿಯದಿರಲೆಂದು ಕಳೆದ ಸಲ ಹಚ್ಚಿಟ್ಟ ಎಣ್ಣೆ ಗೂಡಿನ ತಳದಲ್ಲೋ ನಿಪ್ಪಲಿನ ರಂಧ್ರದಲ್ಲೋ ನಿಂತಿರುತ್ತದೆ. ಅದು ಜ್ವಾಲೆಯನ್ನು ತಡೆಯುತ್ತದೆ ಇಲ್ಲವೇ ಮದ್ದನ್ನು ನೆನೆಸುತ್ತದೆ. ತೊಳೆದ ನೀರು ಪೂರ್ತಿ ಆರದಿದ್ದರೂ ಇದೇ ಗತಿ.

ಅನುಭವಿಗಳು ಮದ್ದು ತುಂಬುವ ಮುನ್ನ ಗೂಡುಗಳನ್ನು ಬಟ್ಟೆಯಿಂದ ಒರೆಸಿ, ರಂಧ್ರಗಳಿಗೆ ತೆಳು ತಂತಿ ಆಡಿಸಿ, ಬಳಿಕ ಖಾಲಿ ಗೂಡುಗಳ ಮೇಲೆ ಒಂದೊಂದು ಕೇಪು ಹಾರಿಸುತ್ತಾರೆ. ಉಳಿದ ಎಣ್ಣೆ, ತೇವ ಅದರ ಬಿಸಿಗೆ ಸುಟ್ಟುಹೋಗುತ್ತದೆ. ನಳಿಗೆಯ ಬಾಯಿಯನ್ನು ನೆಲದ ಹುಲ್ಲಿನ ಸಮೀಪ ಹಿಡಿದು ಕೇಪು ಹಾರಿಸಿದಾಗ ಹುಲ್ಲಿನ ಎಸಳು ಅಲುಗಿದರೆ ದಾರಿ ಸ್ವಚ್ಛವಾಗಿದೆ ಎಂದರ್ಥ. ಅಲುಗದಿದ್ದರೆ ಆ ಗೂಡಿಗೆ ಮದ್ದು ಹಾಕುವ ಮಾತೇ ಇಲ್ಲ.

ಮದ್ದಿನ ಗುಣವೂ ಇಲ್ಲಿ ಗಣನೆಗೆ ಬರುತ್ತದೆ. ನಿಜವಾದ ಕರಿಮದ್ದು ಅಲ್ಪ ಕಿಡಿಗೂ ಹೊತ್ತುತ್ತದೆ. ಅದರ ಬದಲಿಗೆ ಮಾರಾಟವಾಗುವ ಪೈರೊಡೆಕ್ಸ್‌ನಂಥ ಪುಡಿಗಳು ಹೊತ್ತಲು ಹೆಚ್ಚಿನ ಬಿಸಿ ಬೇಡುತ್ತವೆ. ಕರಿಮದ್ದಿಗೆ ಸಾಕಾಗುತ್ತಿದ್ದ ಕೇಪು ಅಂಥ ಪುಡಿಗೆ ಸಾಲದೆ ಹೋಗಬಹುದು. ಇನ್ನು ಗುಂಡನ್ನು ಮದ್ದಿನ ಮೇಲೆ ಭದ್ರವಾಗಿ ಒತ್ತಿ ಕೂರಿಸುವುದು ಕಡ್ಡಾಯ. ನಡುವೆ ಗಾಳಿಯ ಜಾಗ ಬಿಡುವುದು ಆಯುಧಕ್ಕೂ ಕೈಗೂ ಕೇಡು.

ಏಟೇ ದುರ್ಬಲವಾದರೆ

ಎರಡು, ಮೂರು ಏಟಿಗೂ ಕೇಪು ಸಿಡಿಯದೆ, ಅದರ ಮೇಲೆ ಸಣ್ಣ ಕುಳಿ ಮಾತ್ರ ಮೂಡಿದ್ದರೆ ಏಟಿನಲ್ಲೇ ಬಲವಿಲ್ಲ ಎಂದು ತಿಳಿಯಬೇಕು. ಹ್ಯಾಮರಿಗೆ ಬಲ ಕೊಡುವ ಮುಖ್ಯ ಸ್ಪ್ರಿಂಗು ಹಿಡಿಯೊಳಗಿರುತ್ತದೆ. ಕೋಲ್ಟ್ ಮಾದರಿಯಲ್ಲಿ ಅದನ್ನು ಹಿಡಿಯ ಬುಡದ ಒಂದು ತಿರುಪು ಬಿಗಿದಿಟ್ಟಿರುತ್ತದೆ. ರೆಮಿಂಗ್ಟನ್ ಮಾದರಿಯಲ್ಲಿ ಹಿಡಿಯ ಮುಂಬದಿಯಲ್ಲಿ ಬಿಗಿತ ಹೊಂದಿಸುವ ಪ್ರತ್ಯೇಕ ತಿರುಪೇ ಇದೆ. ತಿರುಪು ಸಡಿಲಗೊಂಡರೆ ಏಟು ಸೊರಗುತ್ತದೆ. ಟ್ರಿಗರ್ ಹಗುರವಾಗಲೆಂದು ಕೆಲವರು ಸ್ಪ್ರಿಂಗನ್ನು ತೆಳುಗೊಳಿಸುವುದುಂಟು. ಅದರ ದಂಡ ಕಟ್ಟಬೇಕಾಗುವುದು ಹೀಗೆ.

ಕೋಲ್ಟ್ ಮಾದರಿಗೆ ಇನ್ನೊಂದು ವಿಶೇಷ ದೌರ್ಬಲ್ಯವಿದೆ. ಅದರ ನಳಿಗೆಯನ್ನು ಚೌಕಟ್ಟಿಗೆ ಸೇರಿಸಿ ಹಿಡಿದಿರುವುದು ಅಡ್ಡಲಾಗಿ ಹೊಡೆದ ಒಂದು ಬೆಣೆ. ಬೆಣೆ ಸಡಿಲವಾದರೆ ನಳಿಗೆ ತುಸು ಮುಂದೆ ಸರಿಯುತ್ತದೆ, ಸಿಲಿಂಡರಿಗೂ ಮುಂದೆ ಸರಿಯಲು ಜಾಗ ಸಿಗುತ್ತದೆ. ಹ್ಯಾಮರ್ ಬಡಿದಾಗ ಸಿಲಿಂಡರ್ ಏಟನ್ನು ಎದುರಿಸಿ ನಿಲ್ಲದೆ ಹಿಂಜರಿಯುತ್ತದೆ. ತೂಗಾಡುವ ಹಲಗೆಗೆ ಮೊಳೆ ಹೊಡೆದಂತೆ! ಇಲ್ಲಿ ಕೇಪನ್ನೋ ಸ್ಪ್ರಿಂಗನ್ನೋ ಬದಲಿಸಿ ಫಲವಿಲ್ಲ, ಬೆಣೆಯನ್ನು ಸರಿಯಾಗಿ ಕೂರಿಸಬೇಕು. ರೆಮಿಂಗ್ಟನ್‌ನದು ಮೇಲೂ ಪಟ್ಟಿಯಿರುವ ಇಡಿ ಚೌಕಟ್ಟು. ಅದಕ್ಕೆ ಬೆಣೆಯ ಕಾಟವಿಲ್ಲ.

ಸಿಡಿದ ಕೇಪಿನ ಚೂರು

ಕೇಪು ಸರಿಯಾಗಿ ಸಿಡಿದರೂ ಮುಂದಿನ ಈಡಿಗೆ ಅದೇ ಅಡ್ಡಿಯಾಗಬಹುದು. ಹರಿದುಹೋದ ತಾಮ್ರದ ಚೂರು ಹ್ಯಾಮರ್ ಚಲಿಸುವ ಸಂದಿಗೆ ಬಿದ್ದರೆ ಹ್ಯಾಮರ್ ಪೂರ್ತಿ ಕೆಳಗಿಳಿಯುವುದಿಲ್ಲ. ಮುಂದಿನ ಕೇಪಿಗೆ ಬೀಳುವುದು ಅರ್ಧ ಏಟು. ಆದ್ದರಿಂದಲೇ ಹ್ಯಾಮರನ್ನು ಹಿಂದಕ್ಕೆಳೆಯುವಾಗ ನಳಿಗೆಯನ್ನು ಮೇಲ್ಮುಖವಾಗಿ ಎತ್ತುವ ಪದ್ಧತಿ ಬೆಳೆದುಬಂತು. ಚೂರು ಒಳಗೆ ಬೀಳದೆ ಹೊರಗೆ ಉದುರಲಿ ಎಂಬುದು ಅದರ ಉದ್ದೇಶ.

ಮಸಿಯದೂ ಇದೇ ಕಥೆ. ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗದೆ ಘನ ಶೇಷವಾಗುತ್ತದೆ. ಅದರಲ್ಲೊಂದಿಷ್ಟು ಹೊಗೆಯಾಗಿ ಹೋದರೆ ಉಳಿದದ್ದು ಲೋಹಕ್ಕೆ ಮೆತ್ತಿಕೊಳ್ಳುತ್ತದೆ. ಅದು ಗಾಳಿಯ ತೇವ ಹೀರಿ ತುಕ್ಕು ತರಿಸುತ್ತದೆ. ನಿಪ್ಪಲಿನ ಹೊರಮೈಗೆ ಮಸಿ ಅಂಟಿದರೆ ಮುಂದಿನ ಕೇಪು ಪೂರ್ತಿ ಕೂರದು, ಮತ್ತೆ ಮೊದಲ ದೋಷಕ್ಕೇ ಬಂದು ನಿಲ್ಲುತ್ತೇವೆ. ಬಳಸಿದ ದಿನವೇ ಬಿಸಿನೀರು, ಸೋಪಿನಿಂದ ತೊಳೆದು, ಚೆನ್ನಾಗಿ ಒಣಗಿಸಿ, ತೆಳುವಾಗಿ ಎಣ್ಣೆ ಸವರಿಡುವುದು ಇದಕ್ಕಿರುವ ಮದ್ದು.

ಒಂದು ನಿಮಿಷದ ತಾಳ್ಮೆ

ಈ ವರೆಗೆ ಹೇಳಿದ್ದೆಲ್ಲ ಈಡು ಹಾರುವುದಕ್ಕೆ ಸಂಬಂಧಿಸಿದ್ದು. ಅದಕ್ಕಿಂತ ಮುಖ್ಯವಾದದ್ದು ಈಡು ಹಾರದ ಆ ಕ್ಷಣದ ನಡವಳಿಕೆ. ಟ್ರಿಗರ್ ಎಳೆದರೂ ಸದ್ದಿಲ್ಲವೆಂದರೆ ಎಲ್ಲ ಮುಗಿಯಿತೆಂದಲ್ಲ. ತೇವಗೊಂಡ ಮದ್ದಿನಲ್ಲಿ ಕಿಡಿ ಕನಲುತ್ತಿದ್ದು, ತಡವಾಗಿ ಈಡು ಹಾರುವುದುಂಟು. ಏನಾಯಿತೆಂದು ನೋಡಲು ಆಯುಧವನ್ನು ತನ್ನತ್ತ ತಿರುಗಿಸಿಕೊಳ್ಳುವುದು ಮನುಷ್ಯ ಸಹಜ ಕುತೂಹಲ. ಅವಘಡಕ್ಕೆ ಎಡೆಯಾಗುವುದೂ ಆ ಕುತೂಹಲವೇ.

ಆದ್ದರಿಂದ ನಳಿಗೆಯನ್ನು ಗುರಿಯತ್ತಲೇ ಹಿಡಿದು, ಕನಿಷ್ಠ ಒಂದು ನಿಮಿಷ ಕದಲದೆ ಕಾಯಬೇಕು. ಆ ನಂತರ ನಳಿಗೆಯ ದಿಕ್ಕು ಬದಲಿಸದೆಯೇ ಹೊಸ ಕೇಪು ತೊಡಿಸಿ ಮತ್ತೊಮ್ಮೆ ಪ್ರಯತ್ನಿಸಬಹುದು. ಆಗಲೂ ಹಾರದಿದ್ದರೆ ತುಂಬಿದ ಮದ್ದನ್ನು ಹೊರತೆಗೆಯುವ ಕೆಲಸವನ್ನು ಬಲ್ಲವರಿಗೆ ಬಿಡಬೇಕು. ಸಿಡಿದ ಕೇಪಿನ ಚೂರು ಕಣ್ಣಿಗೆ ಹಾರಬಲ್ಲದು. ಹೀಗಾಗಿ ರಕ್ಷಣಾ ಕನ್ನಡಕವಿಲ್ಲದೆ ಖಾಲಿ ಗೂಡಿನ ಮೇಲೂ ಕೇಪು ಹಾರಿಸಬಾರದು. ರಿಪೇರಿ ಕೆಲಸವೇನಿದ್ದರೂ ಆರೂ ಗೂಡುಗಳು ಖಾಲಿಯೆಂದು ಕಣ್ಣಾರೆ ಕಂಡ ಮೇಲೆಯೇ.

ನಮ್ಮ ಕೇಪಿನ ಕೋವಿ

ಕೇಪು ಎಂಬ ಮಾತು ಕನ್ನಡಿಗರಿಗೆ ಹೊಸದಲ್ಲ. ನಳಿಗೆಯ ಬಾಯಿಂದ ಮದ್ದು ತುಂಬಿಸುವ ಕೇಪಿನ ಕೋವಿ ಮಲೆನಾಡು, ಕೊಡಗು, ಕರಾವಳಿಯ ಮನೆಗಳಿಗೆ ಚಿರಪರಿಚಿತ. ಬೆಳೆ ಕಾಯುವ ರೈತರು ಪರವಾನಗಿ ಪಡೆದು ಇದನ್ನು ಇಟ್ಟುಕೊಳ್ಳುತ್ತ ಬಂದಿದ್ದಾರೆ. ಅದರಲ್ಲಿ ಆರು ಗೂಡುಗಳಿಲ್ಲ, ಒಂದೇ ನಿಪ್ಪಲ್. ಏಟು, ಸಿಡಿತ, ದಾರಿ, ಮದ್ದು ಎಂಬ ಸರಪಳಿ ಮಾತ್ರ ಅದೇ. ಜಿಟಿಜಿಟಿ ಮಳೆಯ ನಾಡಿನಲ್ಲಿ ತೇವವೇ ಅದರ ದೊಡ್ಡ ಶತ್ರು. ತಡವಾಗಿ ಹಾರುವ ಈಡಿನ ಅಪಾಯವೂ ಅಷ್ಟೇ ನಿಜ.

ಕಾನೂನಿನ ಮಾತು ಬೇರೆ. ಅಮೆರಿಕದ ಸಡಿಲಿಕೆ ನಮ್ಮಲ್ಲಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಗುಂಡು ಹಾರಿಸಬಲ್ಲ ಆಯುಧ ಇಟ್ಟುಕೊಳ್ಳಲು ಪರವಾನಗಿ ಬೇಕು. ಕೋವಿಗಳ ತಯಾರಿಕೆಯಂತೆಯೇ ರಿಪೇರಿ ವೃತ್ತಿಗೂ ಪರವಾನಗಿ ಕಡ್ಡಾಯ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿಯ ವಿಷಯದಲ್ಲಿ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳ ಅವಧಿಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಉಳಿದವರ ಮಟ್ಟಿಗೆ ಕೈಕೊಟ್ಟ ಕೋವಿಯನ್ನು ಪರವಾನಗಿ ಪಡೆದ ರಿಪೇರಿಯವರ ಬಳಿ ಒಯ್ಯುವುದೇ ಕಾನೂನಿಗೂ ಪ್ರಾಣಕ್ಕೂ ಕ್ಷೇಮ.

ವುಲ್‌ವಿಚ್‌ನ ಪರೀಕ್ಷೆಯಲ್ಲಿ ಕೇಪು ಇಪ್ಪತ್ತಾರು ಪಟ್ಟು ನಂಬಿಕೆ ಗಳಿಸಿತು ನಿಜ. ಆದರೆ ಅಲ್ಲಿಯೂ ಅದು ಒಮ್ಮೆಯೂ ತಪ್ಪದೆ ಇರಲಿಲ್ಲ. ಕೇಪು ಪೂರ್ತಿ ಕೂತಿದೆಯೇ, ದಾರಿ ಸ್ವಚ್ಛವಿದೆಯೇ, ಏಟಿಗೆ ಬಲವಿದೆಯೇ ಎಂದು ಈ ಕ್ರಮದಲ್ಲೇ ನೋಡುತ್ತ ಹೋದರೆ ಹೆಚ್ಚಿನ ದೋಷಗಳು ಕಾಸು ಖರ್ಚಿಲ್ಲದೆ ನೀಗುತ್ತವೆ. ಉಳಿಯುವ ಆ ಒಂದು ತಪ್ಪಿಗೆ ರಿಪೇರಿಯಿಲ್ಲ. ಅದಕ್ಕೆ ಇರುವುದು ನಳಿಗೆಯನ್ನು ಗುರಿಯತ್ತ ಹಿಡಿದು ಕಾಯುವ ಒಂದು ನಿಮಿಷ ಮಾತ್ರ.